ಬೆಳ್ಳಿ ಸಾಮಾನು ಪೂರ್ತಿ ಕಪ್ಪಾಗಿದೆ, ಕೆಮಿಕಲ್ ಇಲ್ಲದೆ ಮನೆಯಲ್ಲೇ ಬೆಳ್ಳಗೆ ಮಾಡುವುದು ಹೇಗೆ?

ಸಕಲೇಶಪುರದ ಸೊಸೆ:
ಎಲ್ಲರಿಗೂ ನಮಸ್ಕಾರ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು. ಬೀರುವಿನಿಂದ ಬೆಳ್ಳಿ ಸಾಮಾನು ಹೊರಗೆ ತೆಗೆದರೆ ಒಂದೂ ಬೆಳ್ಳಗಿಲ್ಲ. ಜೋಡಿ ದೀಪದ ಕಂಬ, ಚೊಂಬು, ಪಂಚಪಾತ್ರೆ, ಉದ್ಧರಣೆ, ಅರಿಶಿನ ಕುಂಕುಮದ ಬಟ್ಟಲು, ಅತ್ತೆಯವರ ಮದುವೆಯ ಹರಿವಾಣ, ಮಗುವಿನ ಒಳಲೆ, ನನ್ನ ಕಾಲ್ಗೆಜ್ಜೆ, ಲಕ್ಷ್ಮಿ ಮುಖವಾಡ. ಹರಿವಾಣದ ಅಂಚು ನೇರಳೆ ಬಣ್ಣಕ್ಕೆ ತಿರುಗಿದೆ. ಗೆಜ್ಜೆ ನೋಡಿದರೆ ಕಬ್ಬಿಣದ್ದು ಅನ್ನಬೇಕು.

ಅಂಗಡಿಗೆ ಪಾಲಿಶ್‌ಗೆ ಕೊಡಲು ಮನಸ್ಸಿಲ್ಲ. ಬಾಟಲಿಯಲ್ಲಿ ಬರುವ ಕೆಮಿಕಲ್ ಕೂಡ ಬೇಡ, ಮಗುವಿಗೆ ಒಳಲೆಯಲ್ಲೇ ಹಾಲು ಹಾಕುತ್ತೇವೆ. ಅಮ್ಮ ವಿಭೂತಿ ಅನ್ನುತ್ತಾರೆ, ಅತ್ತೆ ಹುಣಸೆಹಣ್ಣು ಅನ್ನುತ್ತಾರೆ, ಯೂಟ್ಯೂಬ್‌ನಲ್ಲಿ ಫಾಯಿಲ್ ಪೇಪರ್ ಅನ್ನುತ್ತಾರೆ. ಮಾಡಿ ನೋಡಿದವರು ಹೇಳಿ.

ಕಟ್ಟಿನಕೆರೆ ಕಾವೇರಿ:
ಬಿಳಿ ಟೂತ್‌ಪೇಸ್ಟ್, ಹಳೇ ಬ್ರಷ್, ಹತ್ತು ನಿಮಿಷ. ಇಷ್ಟಕ್ಕೆಲ್ಲ ಯೂಟ್ಯೂಬ್ ಯಾಕೆ?

ಬಾಳೆಹೊನ್ನೂರು ಬೈಕ್:
ಪೇಸ್ಟ್ ಹಾಕಿದರೆ ಹೊಳೆಯುತ್ತದೆ, ನಿಜ. ಆದರೆ ಅದೇ ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ತುಂಬಾ ಸಣ್ಣ ಸಣ್ಣ ಗೀರು. ಗೀರಿನೊಳಗೆ ಮುಂದಿನ ವರ್ಷ ಕಪ್ಪು ಇನ್ನೂ ಬೇಗ ಕೂರುತ್ತದೆ.

ಕಡೂರು ಅಜ್ಜಿ:
ಮೊಮ್ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ವಿಭೂತಿ ಉಂಡೆ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ, ಹಳೇ ಪಂಚೆ ಚೂರಿನಿಂದ ಒಣಗಿದ್ದಾಗಲೇ ಉಜ್ಜಬೇಕು. ನೀರು ಸೋಕಿಸಬಾರದು. ನಮ್ಮತ್ತೆ ಹೀಗೇ ಮಾಡುತ್ತಿದ್ದರು, ನಾನೂ ಹೀಗೇ ಮಾಡುತ್ತೇನೆ. ಚೊಂಬು ಇವತ್ತಿಗೂ ತೂತಾಗಿಲ್ಲ.

ಹಾಸನದ ಮೇಷ್ಟ್ರು:
ಮೊದಲು ಆ ಕಪ್ಪು ಏನು ಅಂತ ನೋಡೋಣ. ಅದು ಕೊಳೆಯಲ್ಲ. ಗಾಳಿಯಲ್ಲಿ ಗಂಧಕ ಇರುವ ಅನಿಲ ಸ್ವಲ್ಪ ಇದ್ದೇ ಇರುತ್ತದೆ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್. ಅದು ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಪದರ ತೆಳುವಾಗಿದ್ದಾಗ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ಕಪ್ಪು. ನಿಮ್ಮ ಹರಿವಾಣದ ಅಂಚು ನೇರಳೆ ಅಂದರೆ ಅಲ್ಲಿ ಪದರ ಇನ್ನೂ ತೆಳುವಾಗಿದೆ, ಸುಲಭವಾಗಿ ಹೋಗುತ್ತದೆ.

ಈಗ ಮುಖ್ಯ ಮಾತು. ಸಿಲ್ವರ್ ಸಲ್ಫೈಡ್‌ನ ತೂಕದಲ್ಲಿ ಸುಮಾರು ಶೇ 87 ಬೆಳ್ಳಿಯೇ. ಪೇಸ್ಟ್, ಬೂದಿ, ರಂಗೋಲಿ ಪುಡಿ, ಯಾವುದರಲ್ಲಿ ಉಜ್ಜಿದರೂ ಆ ಕಪ್ಪನ್ನು ಕೆರೆದು ತೆಗೆಯುತ್ತೀರಿ. ಬಟ್ಟೆಗೆ ಅಂಟಿದ ಕಪ್ಪು ನಿಮ್ಮ ಮನೆಯ ಬೆಳ್ಳಿ. ಫಾಯಿಲ್ ಮತ್ತು ಸೋಡಾದಲ್ಲಿ ಹಾಗಲ್ಲ. ಅಲ್ಯುಮಿನಿಯಂ ಗಂಧಕವನ್ನು ಕಿತ್ತುಕೊಳ್ಳುತ್ತದೆ, ಬೆಳ್ಳಿ ಪಾತ್ರೆಯ ಮೇಲೇ ಉಳಿಯುತ್ತದೆ.

ಮಾಡುವುದು ಹೀಗೆ. ಪ್ಲಾಸ್ಟಿಕ್ ಬೇಸಿನ್ ಅಥವಾ ಪಿಂಗಾಣಿ ಬೋಗುಣಿಯ ತಳಕ್ಕೆ ಫಾಯಿಲ್ ಹಾಸಿ. ಬೆಳ್ಳಿಯನ್ನು ಅದರ ಮೇಲಿಡಿ, ಫಾಯಿಲ್‌ಗೆ ತಾಗಿರಲೇಬೇಕು. ಕುದಿದ ನೀರು 1 ಲೀಟರ್, ಅಡುಗೆ ಸೋಡಾ 2 ಚಮಚ, ಉಪ್ಪು 1 ಚಮಚ. ಐದು ನಿಮಿಷ ಬಿಟ್ಟು ಮಗುಚಿ ಹಾಕಿ. ಕೊಳೆತ ಮೊಟ್ಟೆಯ ವಾಸನೆ ಬರಬಹುದು, ಕಿಟಕಿ ತೆರೆದಿಡಿ. ಆಮೇಲೆ ಚೆನ್ನಾಗಿ ತೊಳೆದು ತಕ್ಷಣ ಒರೆಸಿ. ಉಪ್ಪಿನಂಶ ಉಳಿದರೆ ಬೆಳ್ಳಿಗೆ ಒಳ್ಳೆಯದಲ್ಲ.

ಹೊಳೆನರಸೀಪುರ ಪುಟ್ಟಿ:
ಬೇಕಿಂಗ್ ಪೌಡರ್ ಆಗುತ್ತಾ ಸಾರ್? ಸೋಡಾ ಖಾಲಿ.

ಹಾಸನದ ಮೇಷ್ಟ್ರು:
ಬೇಡ. ಅದರಲ್ಲಿ ಹುಳಿ ಅಂಶ, ಹಿಟ್ಟು ಎಲ್ಲ ಬೆರೆಸಿರುತ್ತಾರೆ. ಕಿರಾಣಿ ಅಂಗಡಿಯಲ್ಲಿ ಅಡುಗೆ ಸೋಡಾ ಅಂತ ಕೇಳಿ ತನ್ನಿ.

ಆಲೂರು ಅಣ್ಣ:
ಫಾಯಿಲ್ ಕೂಡ ಬೇಕಿಲ್ಲ. ಅಟ್ಟದ ಮೇಲೆ ಹಳೇ ಅಲ್ಯುಮಿನಿಯಂ ಪಾತ್ರೆ ಬಿದ್ದಿರುತ್ತದೆ ಅಲ್ವಾ, ಅದರಲ್ಲೇ ಸೋಡಾ ನೀರು ಕಾಯಿಸಿ, ಬೆಳ್ಳಿ ಹಾಕಿ. ಅಡುಗೆಗೆ ಬಳಸುವ ಪಾತ್ರೆ ಮಾತ್ರ ತೆಗೆದುಕೊಳ್ಳಬೇಡಿ, ಒಳಗೆಲ್ಲ ಕಪ್ಪಾಗುತ್ತದೆ.

ಆಚಾರ್ರ ಮಗ:
ಸಕಲೇಶಪುರದ ಅಕ್ಕಾ, ಒಂದು ನಿಮಿಷ ನಿಲ್ಲಿ. ಲಕ್ಷ್ಮಿ ಮುಖವಾಡವನ್ನು ದಯವಿಟ್ಟು ಬಿಸಿನೀರಿಗೆ ಹಾಕಬೇಡಿ.

ನಮ್ಮದು ಚಿಕ್ಕಮಗಳೂರು, ತಾತನ ಕಾಲದಿಂದ ಬೆಳ್ಳಿ ಕೆಲಸ. ಮುಖವಾಡಗಳನ್ನು ತೆಳು ತಗಡಿನಲ್ಲಿ ತಟ್ಟಿ ಎಬ್ಬಿಸಿರುತ್ತಾರೆ. ನೆಗ್ಗಬಾರದು ಅಂತ ಎಷ್ಟೋ ಮುಖವಾಡಗಳ ಹಿಂದೆ ಅರಗು ಅಥವಾ ಮೇಣ ತುಂಬಿರುತ್ತಾರೆ. ಕುದಿನೀರಿಗೆ ಹಾಕಿದರೆ ಅರಗು ಮೆತ್ತಗಾಗಿ ಹೊರಗೆ ಬರುತ್ತದೆ. ಆಮೇಲೆ ಮೂಗು ಒಳಗೆ ಹೋದರೆ ಮತ್ತೆ ನಮ್ಮಂಥವರ ಹತ್ತಿರವೇ ಬರಬೇಕು. ಕೆಲವು ದೀಪದ ಕಂಬಗಳ ಪಾದದಲ್ಲೂ ಅರಗು ಇರುತ್ತದೆ. ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಬರೀ ಬೆಳ್ಳಿ. ಮಂದವಾಗಿ ಡಬ್ ಅಂದರೆ ಒಳಗೆ ಏನೋ ಇದೆ. ಅಂಥದ್ದನ್ನು ಬರೀ ಬಟ್ಟೆಯಲ್ಲಿ ಒರೆಸಿ, ನೆನೆಹಾಕಬೇಡಿ.

ಗೆಜ್ಜೆಯಲ್ಲಿ ಮೀನಾ ಬಣ್ಣ ಅಥವಾ ಅಂಟಿಸಿದ ಕಲ್ಲು ಇದೆಯಾ? ಇದ್ದರೆ ಅದೂ ಬೇಡ, ಅಂಟು ಬಿಡುತ್ತದೆ. ಮುತ್ತು, ಹವಳ ಇದ್ದರೆ ನಿಂಬೆಹಣ್ಣು, ವಿನಿಗರ್ ಹತ್ತಿರವೂ ತರಬೇಡಿ. ಎರಡೂ ಸುಣ್ಣದ ಜಾತಿ, ಹುಳಿಗೆ ಕರಗುತ್ತವೆ.

ಸಕಲೇಶಪುರದ ಸೊಸೆ:
ಅಯ್ಯೋ, ನೀರು ಕಾಯಲು ಇಟ್ಟಿದ್ದೆ! ಮುಖವಾಡ ಡಬ್ ಅನ್ನುತ್ತಿದೆ. ಪಕ್ಕಕ್ಕೆ ಇಟ್ಟೆ. ಥ್ಯಾಂಕ್ಸ್ ಅಣ್ಣಾ.

ಬೇಲೂರು ಬಸ್‌ಸ್ಟ್ಯಾಂಡ್:
ಹುಣಸೆಹಣ್ಣಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅತ್ತೆ ಪಾರ್ಟಿಗೆ ಅನ್ಯಾಯ.

ಹಾಸನದ ಮೇಷ್ಟ್ರು:
ಹುಣಸೆಹುಳಿ ತಾಮ್ರ, ಹಿತ್ತಾಳೆಗೆ ಬಹಳ ಚೆನ್ನ. ಅಲ್ಲಿಯ ಕಿಲುಬು ಹುಳಿಗೆ ಕರಗುತ್ತದೆ. ಬೆಳ್ಳಿಯ ಕಪ್ಪು ಮನೆಯ ಹುಳಿಗೆ ಕರಗುವುದಿಲ್ಲ. ಹುಣಸೆಯಲ್ಲಿ ಬೆಳ್ಳಿ ಬೆಳ್ಳಗಾಯಿತು ಅನ್ನುವವರು ಅದರ ನಾರಿನಿಂದ ತಿಕ್ಕಿದ್ದಾರೆ, ಅಷ್ಟೇ.

ಕಡೂರು ಅಜ್ಜಿ:
ಮೇಷ್ಟ್ರೇ, ನಿಮ್ಮ ಸೋಡಾ ನೀರಿನಿಂದ ತೆಗೆದ ಬೆಳ್ಳಿ ನೋಡಿದ್ದೇನೆ. ಸೊಸೆ ಮಾಡಿದ್ದಳು. ಬೆಳ್ಳಗಾಯಿತು, ಹೊಳಪು ಬರಲಿಲ್ಲ, ಸುಣ್ಣ ಬಳಿದ ಹಾಗೆ ಮಂಕು. ಕೊನೆಗೆ ನನ್ನ ವಿಭೂತಿ ಬಟ್ಟೆಯಲ್ಲೇ ಒರೆಸಿದಳು. ಈಗ ಹೇಳಿ.

ಹಾಸನದ ಮೇಷ್ಟ್ರು:
ಅದು ಒಪ್ಪುವ ಮಾತು ತಾಯಿ. ತುಂಬಾ ಕಪ್ಪಾದ ಬೆಳ್ಳಿಯಲ್ಲಿ ಹೊಳಪು ಒಂದೇ ಸಲ ಬರುವುದಿಲ್ಲ. ಕೊನೆಗೆ ಮೆತ್ತನೆ ಒಣ ಬಟ್ಟೆಯಲ್ಲಿ ತಿಕ್ಕಲೇಬೇಕು. ಆದರೆ ಬಟ್ಟೆ ಸಾಕು, ಬೂದಿ ಬೇಕಿಲ್ಲ. ಬೂದಿಯಲ್ಲಿ ಸಿಲಿಕಾ ಇರುತ್ತದೆ. ಬೆಳ್ಳಿ ಬಹಳ ಮೆದು ಲೋಹ.

ಕಡೂರು ಅಜ್ಜಿ:
ಸೋಸಿದ ವಿಭೂತಿ ಹಾಲಿನ ಪುಡಿಯಷ್ಟು ನುಣುಪು. ನಿಮ್ಮ ಸಿಲಿಕಾ ಎಲ್ಲಾ ಬಟ್ಟೆಯ ಮೇಲೆ ಉಳಿಯುತ್ತದೆ.

ಆಚಾರ್ರ ಮಗ:
ಅಜ್ಜಿ ಹೇಳುವುದರಲ್ಲೂ ಅರ್ಥ ಇದೆ. ಸಾದಾ ಚೊಂಬು, ಲೋಟಕ್ಕೆ ಸೋಸಿದ ವಿಭೂತಿ ವರ್ಷಕ್ಕೊಮ್ಮೆ ಹಾಕಿದರೆ ಏನೂ ಆಗುವುದಿಲ್ಲ, ಚೊಂಬಿನ ದಪ್ಪ ಇರುತ್ತದೆ. ನಕಾಶೆ ಕೆಲಸಕ್ಕೆ ಮಾತ್ರ ಬೇಡ. ಹೂವು ಬಳ್ಳಿಯ ಕೆತ್ತನೆ ಉಜ್ಜಿ ಉಜ್ಜಿ ಮಾಸಿಹೋದ ಹರಿವಾಣಗಳನ್ನು ಎಷ್ಟು ನೋಡಿದ್ದೇವೆ. ಕೆರೆದದ್ದು ವಾಪಸ್ ಬರುವುದಿಲ್ಲ.

ನಮ್ಮಲ್ಲಿ ಇವತ್ತಿಗೂ ಅಂಟುವಾಳಕಾಯಿ ನೀರು ಮತ್ತು ಮೆತ್ತನೆ ಹಿತ್ತಾಳೆ ತಂತಿ ಬ್ರಷ್ ಬಳಸುತ್ತೇವೆ. ಮನೆಯಲ್ಲಿ ನೀವು ತಂತಿ ಬ್ರಷ್ ಮುಟ್ಟಬೇಡಿ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಅಂಟುವಾಳವನ್ನು ಜಜ್ಜಿ, ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಸಿ ಕಿವುಚಿ. ಆ ನೊರೆಗೆ ಜಿಡ್ಡು ಹೋಗುತ್ತದೆ, ಹಗುರ ಮಸುಕು ಹೋಗುತ್ತದೆ. ಪೂರ್ತಿ ಕಪ್ಪಿಗೆ ಅದೊಂದೇ ಸಾಲದು.

ಅರಸೀಕೆರೆ ತೆಂಗು:
ಸೀಗೆಕಾಯಿ ಪುಡಿ ಕೂಡ ಹಾಗೇ. ದೀಪಕ್ಕೆ ಮೊದಲು ಸೀಗೆಕಾಯಿ, ಆಮೇಲೆ ಫಾಯಿಲ್. ಎಣ್ಣೆ ಜಿಡ್ಡು ಇರುವ ಕಡೆ ಸೋಡಾ ನೀರು ಬೆಳ್ಳಿಗೆ ತಾಗುವುದೇ ಇಲ್ಲ. ಬತ್ತಿ ಸುಟ್ಟ ಮಸಿ ಬೇರೆ, ಬೆಳ್ಳಿಯ ಕಪ್ಪು ಬೇರೆ. ಜನ ಎರಡನ್ನೂ ಒಂದೇ ಅಂದುಕೊಂಡು "ಫಾಯಿಲ್ ಕೆಲಸ ಮಾಡಲಿಲ್ಲ" ಅನ್ನುತ್ತಾರೆ.

ಮೂಡಿಗೆರೆ ಕಾಫಿಗಿಡ:
ನನ್ನದು ಬೇರೆ ಪ್ರಶ್ನೆ. ತೋಟದ ಮನೆಯಲ್ಲಿ ಬೆಳ್ಳಿ ತಿಂಗಳು ಕೂಡ ತಡೆಯುವುದಿಲ್ಲ. ಅದೇ ಬೆಳ್ಳಿ ಪೇಟೆಯ ಮನೆಯಲ್ಲಿ ವರ್ಷ ಪೂರ್ತಿ ಚೆನ್ನಾಗಿರುತ್ತದೆ. ಅತ್ತಿಗೆ ವಾಸ್ತು ದೋಷ ಅನ್ನುತ್ತಾರೆ. ಅಣ್ಣ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಅನ್ನುತ್ತಾನೆ. ಅದಕ್ಕೆ ಹಾಕುವ ಮೈಲುತುತ್ತದಲ್ಲಿ ಗಂಧಕ ಇದೆಯಂತೆ.

ಹಾಸನದ ಮೇಷ್ಟ್ರು:
ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅಲ್ಲಿ ಗಂಧಕ ಆಮ್ಲಜನಕದ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿದೆ, ಬೆಳ್ಳಿಯ ತಂಟೆಗೆ ಬರುವುದಿಲ್ಲ. ಗಿಡದ ಬೂದಿ ರೋಗಕ್ಕೆ ಹೊಡೆಯುವ ಬರೀ ಗಂಧಕದ ಪುಡಿ ಮನೆಯಲ್ಲಿ ಇಟ್ಟಿದ್ದರೆ ಬೇರೆ ಮಾತು. ನಿಮ್ಮಲ್ಲಿ ಗೋಬರ್ ಗ್ಯಾಸ್ ಇದೆಯಾ?

ಮೂಡಿಗೆರೆ ಕಾಫಿಗಿಡ:
ಇದೆ! ಒಲೆ ಇರುವುದೇ ದೇವರ ಕೋಣೆಯ ಗೋಡೆಗೆ.

ಹಾಸನದ ಮೇಷ್ಟ್ರು:
ಸಿಕ್ಕಿತಲ್ಲ ವಾಸ್ತು. ಸಗಣಿ ಅನಿಲದಲ್ಲಿ ಮೀಥೇನ್ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಬೆಳ್ಳಿ ಅಷ್ಟು ಬೇಗ ಕಪ್ಪಾಗುತ್ತಿದ್ದರೆ ಪೈಪು ಎಲ್ಲೋ ಸೋರುತ್ತಿರಬಹುದು, ಮೊದಲು ಅದನ್ನು ತೋರಿಸಿ. ಬೆಳ್ಳಿಗಿಂತ ಮನೆಯವರ ಉಸಿರು ಮುಖ್ಯ. ಆ ಅನಿಲ ಹಿಡಿಯಲು ಕಬ್ಬಿಣದ ಚೂರು ತುಂಬಿದ ಫಿಲ್ಟರ್ ಪೈಪಿಗೆ ಹಾಕುತ್ತಾರೆ, ಕೇಳಿ ನೋಡಿ.

ಕೊಪ್ಪದ ಮಳೆ:
ನಮ್ಮ ಕಡೆ ಗೋಬರ್ ಗ್ಯಾಸ್ ಇಲ್ಲದ ಮನೆಯಲ್ಲೂ ಮಳೆಗಾಲದಲ್ಲಿ ಬೇಗ ಕಪ್ಪು. ತೇವ ಜಾಸ್ತಿ ಆದಷ್ಟೂ ಈ ಕೆಲಸ ಜೋರು. ಆಟಿ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೆಳ್ಳಿ ಎಲ್ಲಿ.

ಕಟ್ಟಿನಕೆರೆ ಕಾವೇರಿ:
ಗೆಜ್ಜೆ ಕಪ್ಪಾದರೆ ದೃಷ್ಟಿ ಆಗಿದೆ ಅಂತಾರಲ್ಲ, ಮೈಯಲ್ಲಿ ಉಷ್ಣ ಜಾಸ್ತಿ ಅಂತಾನೂ ಅಂತಾರೆ. ಅದು?

ಬಾಳೆಹೊನ್ನೂರು ಬೈಕ್:
ನನ್ನ ಉಡುದಾರ ಕಪ್ಪಾಗಿದೆ. ನನ್ನ ಮೇಲೆ ದೃಷ್ಟಿ ಹಾಕುವವರು ಯಾರಪ್ಪಾ?

ಹೊಳೆನರಸೀಪುರ ಪುಟ್ಟಿ:
ಅಕ್ಕಾ, ಬೆವರು. ಬೆವರಿನಲ್ಲಿ ಉಪ್ಪೂ ಇದೆ, ಗಂಧಕದ ಅಂಶವೂ ಇದೆ. ಒಬ್ಬೊಬ್ಬರ ಬೆವರು ಒಂದೊಂದು ತರ. ಜೊತೆಗೆ ಸೋಪು, ಕ್ರೀಮು ಗೆಜ್ಜೆಯ ಕೊಂಡಿಯಲ್ಲಿ ಕೂತಿರುತ್ತದೆ. ನನ್ನ ತಂಗಿಯದೂ ನನ್ನದೂ ಒಂದೇ ಅಂಗಡಿಯ ಗೆಜ್ಜೆ, ಅವಳದು ಬೆಳ್ಳಗೆ, ನನ್ನದು ಕಪ್ಪು. ದೃಷ್ಟಿ ಆಗುವುದಾದರೆ ಅವಳಿಗೇ ಆಗಬೇಕಿತ್ತು, ಅವಳೇ ಚೆಂದ.

ಕಡೂರು ಅಜ್ಜಿ:
ದೃಷ್ಟಿ ತೆಗೆದರೆ ನಷ್ಟ ಏನು? ಎರಡೂ ಮಾಡಿ.

ಚನ್ನರಾಯಪಟ್ಟಣ ಚಂದ್ರ:
ಆಲೂಗಡ್ಡೆ ಬೇಯಿಸಿದ ನೀರು ಯಾರೂ ಹೇಳಲಿಲ್ಲ. ಬೆಳ್ಳಿ ಚಮಚಗಳನ್ನು ಅದರಲ್ಲಿ ನೆನೆಹಾಕಿ ಒರೆಸಿದರೆ ಸಾಕು.

ಬೇಲೂರು ಬಸ್‌ಸ್ಟ್ಯಾಂಡ್:
ಹಾಸನ ಜಿಲ್ಲೆಯವರು ಅಲ್ವಾ, ಬೆಳ್ಳಿಗೂ ಆಲೂಗಡ್ಡೆ 😂

ಚನ್ನರಾಯಪಟ್ಟಣ ಚಂದ್ರ:
ನಗಬೇಡಿ ಸ್ವಾಮಿ. ಜಲಂಧರ್‌ನಿಂದ ಬಿತ್ತನೆ ಗಡ್ಡೆ ತರಿಸಿ, ಮುಂಗಾರಿಗೆ ಹಾಕಿ, ಅಂಗಮಾರಿ ರೋಗ ಬಂದು ಎಲೆ ಎಲ್ಲ ಸುಟ್ಟುಹೋದರೆ ಗೊತ್ತಾಗುತ್ತದೆ. ಬೆಳ್ಳಿ ತೊಳೆಯಲಾದರೂ ಗಡ್ಡೆ ಉಳಿಯಲಿ.

ಆಲೂರು ಅಣ್ಣ:
ಅಂಗಮಾರಿ ಬಂದರೆ ಎರಡು ಮೂರು ದಿನ ಮೋಡ ಮುಚ್ಚಿದರೆ ಸಾಕು, ಹೊಲ ಹೋಯಿತು. ನಾವು ಈಗ ಶುಂಠಿಗೆ ಬಂದಿದ್ದೇವೆ. ಅದಕ್ಕೂ ಕೊಳೆ ರೋಗ. ಎಲ್ಲಿಗೆ ಹೋಗೋಣ.

ಚನ್ನರಾಯಪಟ್ಟಣ ಚಂದ್ರ:
ಜೋಳ ಹಾಕಿ ಅಣ್ಣಾ. ಲಾಭ ಇಲ್ಲ, ನಿದ್ದೆಯಾದರೂ ಬರುತ್ತದೆ.

ಕೊಪ್ಪದ ಮಳೆ:
ಬೆಳ್ಳಿ, ಬೆಳ್ಳಿ! ವಿಷಯಕ್ಕೆ ಬನ್ನಿ.

ಹಾಸನದ ಮೇಷ್ಟ್ರು:
ಆಲೂಗಡ್ಡೆ ನೀರು ಕೆಡುಕಂತೂ ಅಲ್ಲ. ಪಿಷ್ಟದ ನೀರಿಗೆ ಹಗುರ ಮಸುಕು ಒರೆಸಿದರೆ ಹೋಗುತ್ತದೆ. ಈ ಹರಿವಾಣಕ್ಕೆ ಅದು ಸಾಲದು.

ಚಿಕ್ಕಮಗಳೂರು ಚೇತು:
ಅಂಗಡಿಯ ಪಾಲಿಶ್ ಬಗ್ಗೆ ಒಂದು ಮಾತು. ಹೋದ ವರ್ಷ ಒಂದು ಅಂಗಡಿಗೆ ಅಮ್ಮನ ತಟ್ಟೆ ಕೊಟ್ಟೆವು. ಒಳಗೆ ತೆಗೆದುಕೊಂಡು ಹೋದರು, ಕನ್ನಡಿ ತರ ಮಾಡಿ ಕೊಟ್ಟರು. ಮನೆಗೆ ಬಂದು ತೂಕ ಹಾಕಿದರೆ ಕಡಿಮೆ. ಕೇಳಿದರೆ "ಕೊಳೆ ಹೋಯಿತು ಮೇಡಂ" ಅಂದರು. ಈಗ ಬೆಳ್ಳಿ ಕೆಜಿಗೆ ಲಕ್ಷ ದಾಟಿ ಹೋಗಿದೆ. ಆ ಕೊಳೆ ನಮಗೇ ಇರಲಿ ಅಂದೆ.

ಆಚಾರ್ರ ಮಗ:
ಎಲ್ಲರೂ ಹಾಗಲ್ಲ ಮೇಡಂ. ಆದರೆ ಎರಡು ವಿಷಯ ಗೊತ್ತಿರಲಿ. ಆಸಿಡ್‌ಗೆ ಅದ್ದಿದರೆ, ತಿರುಗುವ ಚಕ್ರಕ್ಕೆ ಹಿಡಿದರೆ, ಬೆಳ್ಳಿ ಸ್ವಲ್ಪ ಹೋಗಿಯೇ ಹೋಗುತ್ತದೆ. ಎಷ್ಟು ಅನ್ನುವುದು ಕೆಲಸ ಮಾಡುವವನ ಕೈಯಲ್ಲಿದೆ. ಕೊಡುವ ಮೊದಲು ನಿಮ್ಮ ಕಣ್ಣೆದುರೇ ತೂಕ ಹಾಕಿಸಿ, ಚೀಟಿಯಲ್ಲಿ ಬರೆಸಿ. ವಾಪಸ್ ತೆಗೆದುಕೊಳ್ಳುವಾಗ ಮತ್ತೆ ಹಾಕಿಸಿ. ನಾಚಿಕೆ ಬೇಡ. ನೆಟ್ಟಗಿರುವವನು ಬೇಡ ಅನ್ನುವುದಿಲ್ಲ.

ಬಾಟಲಿಯ ದ್ರಾವಣದಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಅನ್ನುವ ಕೆಮಿಕಲ್ ಮತ್ತು ಆಮ್ಲ ಇರುತ್ತದೆ. ಒಳಲೆ, ಲೋಟ, ಊಟದ ತಟ್ಟೆಗೆ ಬೇಡ ಅಂದದ್ದು ಸರಿಯಾಗಿಯೇ ಇದೆ ಅಕ್ಕಾ.

ಸಕಲೇಶಪುರದ ಸೊಸೆ:
ಚೊಂಬು, ಪಂಚಪಾತ್ರೆ, ಒಳಲೆ ಬೇಸಿನ್‌ಗೆ ಹಾಕಿದೆ. ವಾಸನೆ ಬಂತು, ಅತ್ತೆ ಓಡಿ ಬಂದು ಗ್ಯಾಸ್ ಆಫ್ ಮಾಡಿದರು! ಒಳಲೆ ಬೆಳ್ಳಗಾಯಿತು. ಅರಿಶಿನ ಬಟ್ಟಲು ಮಾತ್ರ ಒಂಚೂರೂ ಬದಲಾಗಲಿಲ್ಲ. ಅದು ಯಾರೋ ಬಾಗಿನದಲ್ಲಿ ಕೊಟ್ಟದ್ದು. ನೀರು ಇನ್ನೂ ಬಿಸಿ ಇದೆ, ಮತ್ತೆ ಹಾಕಲಾ?

ಚಿಕ್ಕಮಗಳೂರು ಚೇತು:
ಅದು ಜರ್ಮನ್ ಸಿಲ್ವರ್ ಇರಬೇಕು. ಈಗ ಅರಿಶಿನ ಕುಂಕುಮಕ್ಕೆ ಎಲ್ಲರೂ ಅದನ್ನೇ ಕೊಡುವುದು. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು, ಬೆಳ್ಳಿ ಚೂರೂ ಇಲ್ಲ. ಸೋಪಿನ ನೀರಿನಲ್ಲಿ ತೊಳೆದು ಒರೆಸಿ, ಸಾಕು.

ಆಚಾರ್ರ ಮಗ:
ಬಟ್ಟಲಿನ ತಳ ನೋಡಿ. ಬೆಳ್ಳಿಯಾದರೆ 925, 990 ಹೀಗೆ ಮುದ್ರೆ ಇರಬಹುದು. 925 ಅಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಹಳೇ ಸಾಮಾನಿನಲ್ಲಿ ಮುದ್ರೆ ಇರಲೇಬೇಕು ಅಂತ ಇಲ್ಲ. ಅಂಚಿನಲ್ಲಿ ಹಳದಿ ಕಾಣಿಸಿದರೆ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ. ಅದನ್ನು ಯಾವುದರಲ್ಲೂ ಉಜ್ಜಬೇಡಿ, ಲೇಪ ಕೂದಲಿಗಿಂತ ತೆಳು.

ಇನ್ನೊಂದು ಹೇಳಬೇಕಿತ್ತು. ಹೂವಿನ ಸಂದಿಯಲ್ಲಿ ಬೇಕೆಂದೇ ಕಪ್ಪು ಹಾಕಿರುವ ಒಡವೆ ಇರುತ್ತದೆ, ಆಕ್ಸಿಡೈಸ್ಡ್ ಅಂತ ಮಾರುತ್ತಾರೆ. ಫಾಯಿಲ್ ನೀರಿಗೆ ಹಾಕಿದರೆ ಆ ಕಪ್ಪೂ ಹೋಗಿ ಒಡವೆ ಬೋಳು ಬೋಳು ಕಾಣುತ್ತದೆ.

ಹೊಳೆನರಸೀಪುರ ಪುಟ್ಟಿ:
ಅಣ್ಣಾ ಇದನ್ನು ಅರ್ಧ ಗಂಟೆ ಮುಂಚೆ ಹೇಳಬಾರದಿತ್ತಾ 😭 ಜುಮುಕಿ ಹೋಯಿತು.

ಅರಸೀಕೆರೆ ತೆಂಗು:
ಹಬ್ಬ ಆದ ಮೇಲೆ ಎತ್ತಿಡುವುದು ಹೇಗೆ ಅಂತ ಯಾರಾದರೂ ಹೇಳಿ. ನಾವು ಪೇಪರ್‌ನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತೇವೆ.

ಹಾಸನದ ಮೇಷ್ಟ್ರು:
ಎರಡೂ ತಪ್ಪು. ರಬ್ಬರ್ ಗಟ್ಟಿ ಮಾಡಲು ಗಂಧಕ ಹಾಕಿರುತ್ತಾರೆ. ಬ್ಯಾಂಡ್ ಇದ್ದ ಜಾಗದಲ್ಲಿ ಕಪ್ಪು ಗೆರೆ ಬೀಳುತ್ತದೆ, ಮೇಲೆ ಪೇಪರ್ ಸುತ್ತಿದ್ದರೂ ಬೀಳುತ್ತದೆ. ಉಣ್ಣೆ ಬಟ್ಟೆಯೂ ಬೇಡ, ಉಣ್ಣೆಯಲ್ಲೇ ಗಂಧಕ ಇದೆ. ಒಗೆದು ಚೆನ್ನಾಗಿ ಒಣಗಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ.

ಕಟ್ಟಿನಕೆರೆ ಕಾವೇರಿ:
ನಾವು ಕರ್ಪೂರ, ಚಾಕ್‌ಪೀಸ್ ಇಡುತ್ತೇವೆ. ಪರವಾಗಿಲ್ಲ, ನಡೆಯುತ್ತದೆ. ಚಾಕ್‌ಪೀಸ್ ತೇವ ಹೀರುತ್ತದೆ.

ಕಡೂರು ಅಜ್ಜಿ:
ಎತ್ತಿಡುವುದು ಯಾಕೆ? ಬಳಸಿ. ನಾನು ದಿನಾ ಬೆಳ್ಳಿ ಲೋಟದಲ್ಲೇ ನೀರು ಕುಡಿಯುತ್ತೇನೆ, ಅದು ಕಪ್ಪಾದದ್ದೇ ಇಲ್ಲ.

ಹಾಸನದ ಮೇಷ್ಟ್ರು:
ಇದಕ್ಕೆ ಎದುರು ಮಾತಿಲ್ಲ. ದಿನಾ ತೊಳೆದು ಒರೆಸಿದರೆ ಪದರ ಕಟ್ಟಲು ಸಮಯವೇ ಸಿಗುವುದಿಲ್ಲ. ಬೆಳ್ಳಿ ಚಮಚದಲ್ಲಿ ಮೊಟ್ಟೆ ಮಾತ್ರ ತಿನ್ನಬೇಡಿ, ತಿನ್ನುವಾಗಲೇ ಕಂದು ಬಣ್ಣ ಬರುತ್ತದೆ. ಮೊಟ್ಟೆಯಲ್ಲಿ ಗಂಧಕ ಜಾಸ್ತಿ. ಉಪ್ಪಿನಕಾಯಿಯನ್ನೂ ಬೆಳ್ಳಿ ಬಟ್ಟಲಿನಲ್ಲಿ ಹಾಕಿಡಬೇಡಿ.

ಬೇಲೂರು ಬಸ್‌ಸ್ಟ್ಯಾಂಡ್:
ದೀಪಾವಳಿಗೂ ಹೀಗೇನಾ? ಪಟಾಕಿ ಹೊಡೆದ ಮಾರನೇ ದಿನ ನಮ್ಮ ಲಕ್ಷ್ಮಿ ಪೂಜೆ ತಟ್ಟೆ ಮಂಕಾಗಿತ್ತು.

ಹಾಸನದ ಮೇಷ್ಟ್ರು:
ಪಟಾಕಿ ಮದ್ದಿನಲ್ಲಿ ಗಂಧಕ ಇದ್ದೇ ಇರುತ್ತದೆ. ಪೂಜೆ ಮುಗಿದ ಮೇಲೆ ಬೆಳ್ಳಿ ಒಳಗಿಟ್ಟು ಆಮೇಲೆ ಪಟಾಕಿ ಹೊಡೆಯಿರಿ.

ಚನ್ನರಾಯಪಟ್ಟಣ ಚಂದ್ರ:
ದೀಪಾವಳಿ ಅಂದಾಗ ನೆನಪಾಯಿತು. ಈ ಸಲ ಹಾಸನಾಂಬೆ ದರ್ಶನಕ್ಕೆ ಯಾವ ದಿನ ಹೋದರೆ ಸಾಲು ಕಡಿಮೆ?

ಕಟ್ಟಿನಕೆರೆ ಕಾವೇರಿ:
ಸಾಲು ಕಡಿಮೆ ಇರುವ ದಿನ ಬಾಗಿಲು ಮುಚ್ಚಿರುತ್ತದೆ ಚಂದ್ರಣ್ಣ. ವರ್ಷಕ್ಕೊಮ್ಮೆ ತೆಗೆಯುವ ಬಾಗಿಲು, ಊರಿಗೆ ಊರೇ ಬರುತ್ತದೆ. ನಡುರಾತ್ರಿ ಹೋಗಿ ನೋಡಿ. ನಾನಂತೂ ಖಜಾನೆಯಿಂದ ಅಮ್ಮನ ಒಡವೆ ಮೆರವಣಿಗೆಯಲ್ಲಿ ಬರುವುದನ್ನು ನೋಡಿಕೊಂಡು ಕೈ ಮುಗಿದುಬಿಡುತ್ತೇನೆ.

ಕೊಪ್ಪದ ಮಳೆ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು.

ಸಕಲೇಶಪುರದ ಸೊಸೆ:
ಹರಿವಾಣ ದೊಡ್ಡದು, ಬೇಸಿನ್‌ನಲ್ಲಿ ಮುಳುಗುತ್ತಿಲ್ಲ. ಅರ್ಧ ಬೆಳ್ಳಗೆ, ಅರ್ಧ ಕಪ್ಪು. ಮಧ್ಯದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿದೆ.

ಆಲೂರು ಅಣ್ಣ:
ಮಗುವಿನ ಸ್ನಾನದ ಟಬ್ ಇಲ್ವಾ? ಅದರಲ್ಲಿ ಹಾಸಿ. ಇಲ್ಲದಿದ್ದರೆ ಸೋಡಾ ಉಪ್ಪು ಕರಗಿದ ಬಿಸಿನೀರಿನಲ್ಲಿ ಹರಿವಾಣ ಒದ್ದೆ ಮಾಡಿ, ಅದರ ಮೇಲೇ ಫಾಯಿಲ್ ಹಾಸಿ, ಅದೇ ನೀರಿನಲ್ಲಿ ಅದ್ದಿದ ಬಟ್ಟೆ ಮೇಲೆ ಹೊದಿಸಿ, ಒತ್ತಿ ಹಿಡಿಯಿರಿ. ಎಲ್ಲಾ ಕಡೆ ತಾಗಬೇಕು. ನೀರು ಆರಿದರೆ ಹೊಸ ಬಿಸಿನೀರು ಹಾಕಿ, ತಣ್ಣೀರಿನಲ್ಲಿ ಬಹಳ ನಿಧಾನ. ಫಾಯಿಲ್ ಮಂಕಾಗಿ ತೂತು ತೂತಾದರೆ ಬದಲಾಯಿಸಿ.

ಹಾಸನದ ಮೇಷ್ಟ್ರು:
ಟಬ್ ಒಳ್ಳೆಯದು. ಆಮೇಲೆ ಟಬ್ ಚೆನ್ನಾಗಿ ತೊಳೆಯಿರಿ. ಕುದಿನೀರು ಮೊದಲು ಹಾಕಿ ಟಬ್ ಸೊಟ್ಟ ಮಾಡಿಕೊಳ್ಳಬೇಡಿ, ಸ್ವಲ್ಪ ಆರಿಸಿ ಹಾಕಿ. ಮಗುವನ್ನು ಆ ಕಡೆ ಬಿಡಬೇಡಿ.

ಬಾಳೆಹೊನ್ನೂರು ಬೈಕ್:
ಉಡುದಾರ ಬಿಚ್ಚದೆ ಮಾಡುವ ಉಪಾಯ ಇದೆಯಾ? ಕೊಂಡಿ ಗಟ್ಟಿಯಾಗಿ ಬೆಸೆದುಬಿಟ್ಟಿದ್ದಾರೆ.

ಆಚಾರ್ರ ಮಗ:
ಸೊಂಟದ ಮೇಲೆ ಕುದಿನೀರು ಹಾಕಿಕೊಳ್ಳಬೇಡಿ ಮಾರಾಯ್ರೇ. ಸ್ನಾನ ಮಾಡುವಾಗ ಅಂಟುವಾಳದ ನೊರೆಯಲ್ಲಿ ತಿಕ್ಕಿ. ಅದರಲ್ಲೂ ಹೋಗದಿದ್ದರೆ ಅಂಗಡಿಗೆ ಬನ್ನಿ, ಕೊಂಡಿ ಬಿಚ್ಚಿ, ತೊಳೆದು, ಮತ್ತೆ ಹಾಕಿ ಕೊಡುತ್ತೇನೆ. ಶುಕ್ರವಾರ ಬೇಡ, ಹಬ್ಬದ ರಶ್.